ಹೊಗೆಗೂಡು ಹಿಂದಿದ್ದ ಉಗಿಬಂಡಿ

ನಮ್ಮೂರಿನಲ್ಲಿ ತಪ್ಪನ್ನು ತಿದ್ದುವ ಮೊದಲು ಅದು ಯಾಕಾಯಿತು ಎಂದು ಹೇಳಬೇಕು. ಹೇಳದೆ ತಿದ್ದಲು ಹೋದರೆ ಆಗುವುದಿಲ್ಲ. ಇದೇನು ನೀತಿಪಾಠವಲ್ಲ. ನಮ್ಮೂರಿನ ಕಬ್ಬಿಣದ ಗುಣ ಅದು, ಹಿತ್ತಾಳೆಯ ಗುಣ ಅದು. ತಪ್ಪಾಗಿ ಬಿಗಿದ ತಿರುಪು, ಅದನ್ನು ಯಾಕೆ ಹಾಗೆ ಬಿಗಿದರು ಎಂದು ಚೌಕದ ಕಟ್ಟೆಯ ಮೇಲೆ ನಾಲ್ಕು ಜನರ ಎದುರು ನಿಜ ಹೇಳುವ ತನಕ ತಿರುಗುವುದಿಲ್ಲ. ತಪ್ಪಾಗಿ ಹಾಕಿದ ಬೆಸುಗೆ ಕುಲುಮೆಯಲ್ಲಿಟ್ಟರೂ ಕರಗುವುದಿಲ್ಲ. ಹೊರಗಿನವರೊಬ್ಬರು ನಂಬದೆ ಸುತ್ತಿಗೆ ಹಿಡಿದು ಬಡಿದು ನೋಡಿದರು. ಸುತ್ತಿಗೆಯ ಹಿಡಿ ಮುರಿಯಿತು. ಅವರು ಮುರಿದ ಹಿಡಿ ಹಿಡಿದುಕೊಂಡು ತಮ್ಮೂರಿಗೆ ಹೋದರು.

ಅದಕ್ಕೇ ನಮ್ಮಲ್ಲಿ ಬಿಚ್ಚುವವನು ಅಂತ ಒಬ್ಬನಿರುತ್ತಾನೆ. ಈಗ ಆ ಒಬ್ಬ ನಾನು. ಕಟ್ಟುವವರು ಊರತುಂಬ ಇದ್ದಾರೆ, ಬಿಚ್ಚುವುದಕ್ಕೆ ಮಾತ್ರ ನನ್ನ ಹತ್ತಿರವೇ ಬರಬೇಕು. ತಿರುಪುಳಿ ಹಿಡಿದು ತಿರುಪು ತಿರುಗಿಸುವುದು ಕಾಲುಭಾಗ ಕೆಲಸ. ಯಾಕೆ, ಯಾಕೆ ಎಂದು ಕೆದಕುವುದು ಮುಕ್ಕಾಲು ಭಾಗ. ಆ ಮುಕ್ಕಾಲು ನನಗೆ ಪ್ರಾಣ. ಬೇರೆಯವರ ಮನೆಯ ತಪ್ಪು ಅಂದರೆ ನನಗೆ ಹೋಳಿಗೆ ಊಟ ಇದ್ದ ಹಾಗೆ. ಇದು ಒಳ್ಳೆಯ ಗುಣವಲ್ಲ ಎಂದು ಗೊತ್ತಿದೆ. ಈ ಕತೆ ಹೇಳುವಾಗ ಅದನ್ನು ಮುಚ್ಚಿಡುವುದು ಬೇಡ.

ನಮ್ಮೂರಿಗೆ ರೈಲು ಬಂದಿಲ್ಲ. ಆದರೆ ಮದುವೆಯಾದ ಪ್ರತಿ ಜೋಡಿಗೂ ಒಂದು ಪೆಟ್ಟಿಗೆ ಬರುತ್ತದೆ. ಯಾರು ಕಳಿಸುತ್ತಾರೋ ಗೊತ್ತಿಲ್ಲ. ಮದುವೆಯ ಮಾರನೆಯ ಬೆಳಿಗ್ಗೆ ಹೊಸ್ತಿಲ ಹೊರಗೆ ಇರುತ್ತದೆ. ಅದರೊಳಗೆ ಮೊಳದುದ್ದದ ಉಗಿಬಂಡಿಯೊಂದರ ಬಿಡಿಭಾಗಗಳು, ಒಂದು ಹಿಡಿ ತಿರುಪು, ಒಂದು ಹಾಳೆ. ಜೋಡಿಯಲ್ಲಿ ಒಬ್ಬರು ಓದಬೇಕು, ಒಬ್ಬರು ಕಟ್ಟಬೇಕು. ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಓದುವವರು ಬಂಡಿ ಮುಟ್ಟಬಾರದು, ಕಟ್ಟುವವರು ಹಾಳೆ ನೋಡಬಾರದು. ನಲವತ್ತನೆಯ ದಿನ ಬಂಡಿಯನ್ನು ಚೌಕಕ್ಕೆ ತಂದು, ಹೊಟ್ಟೆಗೆ ನೀರು ತುಂಬಿ, ಕೆಂಡ ಇಟ್ಟು, ಕಟ್ಟೆಯ ಸುತ್ತ ಹಾಸಿರುವ ಗೇಣಗಲದ ಹಳಿಯ ಮೇಲೆ ಒಂದು ಸುತ್ತು ಓಡಿಸಬೇಕು. ಓಡಿದರೆ ಊರಿಗೆಲ್ಲ ಊಟ. ಆಮೇಲೆ ಬಂಡಿ ಮನೆಯ ಗೂಡಿನಲ್ಲಿ ಕೂರುತ್ತದೆ. ಸತ್ತ ಹದಿಮೂರನೆಯ ದಿನ ಸತ್ತವರ ಹೆಸರಿನಲ್ಲಿ ಒಂದು ಕಲ್ಲು ನೆಡುತ್ತಾರೆ, ಕಲ್ಲಿನ ಮೇಲೆ ಒಂದೇ ಒಂದು ಸಾಲು ಕೆತ್ತುತ್ತಾರೆ. 'ಇವರ ಬಂಡಿ ಓಡಿತು.' ನಮ್ಮ ಕಲ್ಲುಗಳ ಮೇಲೆಲ್ಲ ಹೆಚ್ಚು ಕಡಿಮೆ ಅದೇ ಸಾಲು.

ಜೋಡಿಯಲ್ಲಿ ಓದಿದವಳೊಬ್ಬಳು ನನ್ನ ಮನೆಗೆ ಬಂದದ್ದು ಗಂಡ ಸತ್ತ ಐದನೆಯ ದಿನ. ಬಗಲಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬಂಡಿ. ಅವಳ ಗಂಡ ಕಟ್ಟಿದವನು. ಆದರೆ ಊರು ಅವನನ್ನು ಹಾಗೆ ಕರೆಯುತ್ತಿರಲಿಲ್ಲ. ಕೈ ತಪ್ಪಿದವನು ಅನ್ನುತ್ತಿತ್ತು. ಮೂವತ್ತೊಂದು ವರ್ಷದ ಹಿಂದೆ, ಅವರ ನಲವತ್ತನೆಯ ದಿನ, ಅವರ ಬಂಡಿ ಹಳಿಯ ಮೇಲೆ ಬುಸ್ ಅಂದು, ಒಂದು ಗೇಣು ಮುಂದೆ ಹೋಗಿ ನಿಂತುಬಿಟ್ಟಿತ್ತು. ಊರು ನಕ್ಕಿತ್ತು. ಅವನು ಕಟ್ಟೆ ಹತ್ತಿ 'ನನ್ನ ಕೈ ತಪ್ಪಿತು' ಅಂದಿದ್ದ. ಆಗಿನ ಬಿಚ್ಚುವವನು ತಿರುಪುಳಿ ಇಟ್ಟು ನೋಡಿದರೆ ಒಂದು ತಿರುಪೂ ಅಲುಗಲಿಲ್ಲ. ಹೇಳಿದ ಕಾರಣ ಸುಳ್ಳು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನಮ್ಮೂರಿನ ಬುದ್ಧಿ ಕೇಳಬೇಕೆ! 'ಎಂಥಾ ಕೆಟ್ಟ ಕೈ ನೋಡಿ, ಮಾಡಿದ ತಪ್ಪನ್ನೂ ಬಿಚ್ಚೋಕೆ ಕೊಡಲ್ಲ' ಎಂದು ಮಾತಾಡಿಕೊಂಡರು. ಅಂದಿನಿಂದ ಯಾರೂ ಅವನ ಕೈಗೆ ಉಳಿ ಕೊಡಲಿಲ್ಲ, ಸುತ್ತಿಗೆ ಕೊಡಲಿಲ್ಲ. ದನ ಕಟ್ಟುವ ಗೂಟ ಹೊಡೆಯುವುದಕ್ಕೂ ಕರೆಯಲಿಲ್ಲ. ಅವನು ಮೂವತ್ತೊಂದು ವರ್ಷ ಊರಿಗೆ ನೀರು ಹೊತ್ತ.

"ಇದನ್ನ ಓಡೋ ಹಾಗೆ ಮಾಡಿಕೊಡಪ್ಪಾ," ಅಂದಳು. "ಹದಿಮೂರನೇ ದಿನದೊಳಗೆ. ಇಲ್ಲದಿದ್ದರೆ ಅವರ ಕಲ್ಲಿನ ಮೇಲೆ 'ಕೈ ತಪ್ಪಿದವನು' ಅಂತ ಕೆತ್ತುತ್ತಾರೆ. ಬದುಕಿದ್ದಾಗ ಕರೆಸಿಕೊಂಡಿದ್ದು ಸಾಕು. ಕಲ್ಲಿನ ಮೇಲೆ ಬೇಡ."

"ಮಾಡೋಣ ಅಮ್ಮಾ. ಆದರೆ ಯಾಕೆ ಹೀಗಾಯ್ತು ಅಂತ—"

"ಅದೊಂದು ಕೇಳಬೇಡ."

"ಕೇಳದೆ ಬಿಚ್ಚೋಕೆ ಬರಲ್ಲ, ನಿಮಗೆ ಗೊತ್ತಲ್ಲ."

"ಗೊತ್ತು," ಅಂದಳು. "ಆದರೂ ಕೇಳಬೇಡ." ಬಂಡಿಯನ್ನು ಜಗಲಿಯ ಮೇಲಿಟ್ಟು ಹೊರಟಳು.

ಕೇಳಬೇಡ ಅಂದರೆ ಯಾರಾದರೂ ಸುಮ್ಮನಿದ್ದಾರೆಯೇ? ನಾನಂತೂ ಅಲ್ಲ. ಸೀರೆಯ ತುಂಡು ಬಿಚ್ಚಿ ನೋಡಿದೆ. ನೂರಾರು ಕೆಟ್ಟ ಬಂಡಿ ಕಂಡವನು ನಾನು, ಇಂಥದ್ದನ್ನು ಕಂಡಿರಲಿಲ್ಲ. ಹೊಗೆಗೂಡು ಮುಂದೆ ಇರುವುದರ ಬದಲು ಹಿಂದಿತ್ತು. ನೀರಿನ ಹಂಡೆಯ ಮುಚ್ಚಳದ ಸುತ್ತ, ತಾಮ್ರದ ಬಳೆ ಕೂರಬೇಕಾದ ಜಾಗದಲ್ಲಿ, ಏನೋ ಮೆತ್ತಿ ಒಣಗಿ ಕಲ್ಲಾಗಿತ್ತು. ಕೆರೆದು ನಾಲಿಗೆಗೆ ಹಚ್ಚಿದೆ. ಗೋಧಿಹಿಟ್ಟು! ಎಡಬಲದ ಗಾಲಿಗಳಲ್ಲಿ ಸರಳು ಸಿಕ್ಕಿಸುವ ಗೂಟಗಳು ಎರಡೂ ಒಂದೇ ಮಟ್ಟಕ್ಕೆ ನಿಂತಿದ್ದವು. ಬಂಡಿ ನಿಂತದ್ದು ಇದರಿಂದಲೇ. ಒಂದು ಕಡೆಯ ಸರಳು ತಳ್ಳಿ ತಳ್ಳಿ ಬಲ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆಯದು ತಳ್ಳುವುದಕ್ಕೆ ಶುರು ಮಾಡಬೇಕು. ಎರಡೂ ಒಟ್ಟಿಗೆ ತಳ್ಳಿದರೆ ಎರಡೂ ಒಟ್ಟಿಗೆ ಸೋಲುತ್ತವೆ.

ತಪ್ಪುಗಳೇನೋ ಸಿಕ್ಕವು. ಆದರೆ ಯಾಕೆ?

ಆರನೆಯ ದಿನ ಬೆಳಿಗ್ಗೆ ಬಂಡಿಯನ್ನು ಹೊತ್ತು ಕಟ್ಟೆ ಹತ್ತಿದೆ. ನಾಲ್ಕು ಜನ ಸೇರಿದರು. "ಅವಸರ," ಅಂದೆ. ತಿರುಪು ತಿರುಗಲಿಲ್ಲ. ಏಳನೆಯ ದಿನ ಬೆಳಿಗ್ಗೆ ಕಟ್ಟೆ ಹತ್ತಿದೆ. ಹತ್ತು ಜನ ಸೇರಿದರು. "ಕಣ್ಣು ಮಂಜು," ಅಂದೆ. ತಿರುಪು ತಿರುಗಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಕಟ್ಟೆ ಹತ್ತಿದೆ. ಇಪ್ಪತ್ತು ಜನ ಸೇರಿದರು. "ಹೆಂಡ," ಅಂದೆ. ತಿರುಪು ತಿರುಗಲಿಲ್ಲ, ಜನರ ನಡುವೆ ನಿಂತಿದ್ದ ಓದಿದವಳು ನನ್ನನ್ನು ನೋಡಿದ ನೋಟಕ್ಕೆ ಕಟ್ಟೆ ಇಳಿಯುವಾಗ ನನ್ನ ಕಾಲು ತೊಡರಿತು. ಒಂದು ತೊಟ್ಟೂ ಮುಟ್ಟದವನ ಮೇಲೆ ಹಾಗೆ ಹೇಳಿದೆನಲ್ಲ ಎಂದು ನಾಚಿಕೆಯಾಯಿತು.

ಕಲ್ಲುಕುಟಿಗ ಚೌಕದ ಮೂಲೆಯಲ್ಲಿ ಆಗಲೇ ಕಲ್ಲು ನುಣುಪು ಮಾಡುತ್ತಿದ್ದ. "ಸುಮ್ಮನೆ ಯಾಕೋ ಒದ್ದಾಡ್ತೀಯಾ?" ಅಂದ. "ಸಾಲು ಗೊತ್ತಿರೋದೇ ಅಲ್ವಾ. ನಾನು ಕೆತ್ತೋಕೆ ಶುರು ಮಾಡಲಾ?"

"ಹದಿಮೂರನೇ ದಿನ ಇನ್ನೂ ಬಂದಿಲ್ಲ," ಅಂದೆ.

ಮನೆಗೆ ಬಂದು ಬಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬೇರೇನೂ ತೋಚದಾಗ ನಾನು ಮಾಡುವ ಕೆಲಸ ಅದು. ಮೂವತ್ತೊಂದು ವರ್ಷದ ಮಸಿ, ಕಿಲುಬು ಬಿಟ್ಟಿತು, ಹಿತ್ತಾಳೆ ಹಳದಿಗೆ ತಿರುಗಿತು. ಆಗ ಕಂಡವು: ಮೈಮೇಲೆ ಅಲ್ಲಲ್ಲಿ ಸಾಸಿವೆಕಾಳಿನಷ್ಟು ಬೊಟ್ಟುಗಳು, ಸುತ್ತಲಿನ ಹಿತ್ತಾಳೆಗಿಂತ ಒಂದು ಕೂದಲೆಳೆ ತಿಳಿ ಬಣ್ಣ. ಬೆರಳಾಡಿಸಿದರೆ ಏನೂ ತಗಲುವುದಿಲ್ಲ. ಕಣ್ಣನ್ನು ಹತ್ತಿರ ತಂದು ನೋಡಿದೆ. ಅವು ಮುಚ್ಚಿದ ತೂತುಗಳು. ಪೆಟ್ಟಿಗೆಯಲ್ಲಿ ಬಂದಾಗಲೇ ಇದ್ದ ಸರಿಯಾದ ತೂತುಗಳಿಗೆ ಯಾರೋ ಹಿತ್ತಾಳೆಯ ಬಿರಡೆ ಹೊಡೆದು, ಅರದಿಂದ ಉಜ್ಜಿ, ನುಣುಪು ಮಾಡಿ, ಬೇರೆ ಕಡೆ ಹೊಸ ತೂತು ಕೊರೆದಿದ್ದರು. ಹೊಗೆಗೂಡಿನ ತೂತು ಮುಂದೆ ಇತ್ತು. ಮುಚ್ಚಿ ಹಿಂದೆ ಕೊರೆದಿದ್ದರು. ಗಾಲಿಯ ಅಚ್ಚಿನ ಮೇಲೆ ಗೂಟ ಎಲ್ಲಿ ನಿಲ್ಲಬೇಕೆಂಬ ಗುರುತು ಇತ್ತು. ಅದನ್ನೂ ಉಜ್ಜಿ ಅಳಿಸಿ ಬೇರೆ ಗುರುತು ಹಾಕಿದ್ದರು.

ಅಂಥ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ. ನಮ್ಮೂರಿನ ಯಾರ ಕೈಯಲ್ಲೂ ಆಗುವುದಿಲ್ಲ. ಇಂಥ ಕೈಯಿಂದ ಊರು ಮೂವತ್ತೊಂದು ವರ್ಷ ಕೊಡ ಹೊರಿಸಿತ್ತು! ನನಗೆ ಊರಿನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಯಾಕೆ ಹೇಳಲಿ, ಕುತೂಹಲ ಕೆರಳಿತು. ಕೈ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಯಾವುದು?

ಹತ್ತನೆಯ ದಿನ ಅವಳ ಮನೆಗೆ ಹೋಗಿ ಹಾಳೆ ಕೇಳಿದೆ. ಕೊಟ್ಟಳು. ಅರಿಸಿನದ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು, ಮಡಿಕೆ ಕೂಡ ಮಾಸಿರಲಿಲ್ಲ.

"ಆಗ ಓದಿದಿರಲ್ಲ ಅಮ್ಮಾ, ಹಾಗೇ ಒಂದು ಸಲ ಓದ್ತೀರಾ?"

"ಹಾಳೆ ನಿನ್ನ ಹತ್ತಿರಾನೇ ಇರಲಿ," ಅಂದಳು. "ನನಗೆ ಬಾಯಿಗೇ ಬರುತ್ತೆ." ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಬೀಸುವ ಕಲ್ಲಿನ ಮುಂದೆ ಕೂತವಳ ಹಾಗೆ ನಿಧಾನವಾಗಿ ಶುರು ಮಾಡಿದಳು.

"ಮೊದಲು ಮನೆ ಕಟ್ಟು. ಬಾಗಿಲು ಮುಂದಿರಲಿ. ಹೊಗೆಗೂಡು ಹಿಂದಿರಲಿ, ಬಂದವರ ಕಣ್ಣಿಗೆ ಹೊಗೆ ಹೋಗಬಾರದು. ಆಮೇಲೆ ಹಂಡೆ ಕೂರಿಸು. ಮುಚ್ಚಳದ ಸುತ್ತ ಕಣಕ ಮೆತ್ತು, ಹಬೆ ಆಚೆ ಹೋಗಬಾರದು. ಆಮೇಲೆ ಗಾಲಿ ಹಾಕು. ಎರಡು ಕಡೆ ಗೂಟವೂ ಒಂದೇ ಮಟ್ಟಕ್ಕಿರಲಿ, ಜೋಡಿ ಎತ್ತು ಹೆಜ್ಜೆ ಸಮ ಹಾಕಬೇಕು..."

ನನ್ನ ಕೈಯಲ್ಲಿ ಹಾಳೆ ಇತ್ತು. ಅವಳು ಹೇಳುತ್ತಿದ್ದ ಒಂದು ಮಾತೂ ಅದರಲ್ಲಿ ಇರಲಿಲ್ಲ. 'ಹೊಗೆಗೂಡನ್ನು ಮುಂಭಾಗದ ತೂತಿಗೆ ಕೂರಿಸಿ' ಎಂದಿತ್ತು. 'ಒಂದು ಬದಿಯ ಗೂಟ ಮೇಲಿದ್ದಾಗ ಇನ್ನೊಂದು ಬದಿಯದು ಮುಂದಿರಬೇಕು' ಎಂದಿತ್ತು. ಎತ್ತು ಎಲ್ಲಿಂದ ಬರಬೇಕು, ಕಣಕ ಎಲ್ಲಿಂದ ಬರಬೇಕು! ಅಡುಗೆಮನೆ ಬಲ್ಲವಳು, ಎತ್ತಿನ ಗಾಡಿ ಬಲ್ಲವಳು, ರೈಲು ಎಂಬುದನ್ನು ಕಣ್ಣಿಂದ ಕಾಣದವಳು, ಹಾಳೆಯನ್ನು ಮುಂದೆ ಹಿಡಿದು ತನಗೆ ಗೊತ್ತಿದ್ದರಲ್ಲೇ ಒಂದು ಉಗಿಬಂಡಿ ಹುಟ್ಟಿಸಿದ್ದಳು. ನಲವತ್ತು ದಿನ. ದಿನಕ್ಕಿಷ್ಟು. ನನಗೆ ಖುಷಿ ತಡೆಯಲಾಗಲಿಲ್ಲ, ಸಿಕ್ಕಿತು ಎಂದು ಕೂಗಿಬಿಡಬೇಕು ಅನ್ನಿಸಿ ಬಾಯಿ ತೆರೆದೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ," ಅಂದಳು. "ನಮ್ಮಪ್ಪ ಒಂದೇ ಹೇಳಿದ. ನಮ್ಮ ಹುಡುಗಿ ಓದ್ತಾಳೆ ಅಂದ. ಅದೊಂದೇ ಸಾಕಾಯ್ತು ನೋಡು."

"ಅಮ್ಮಾ, ಅವತ್ತು ಕಟ್ಟೆ ಮೇಲೆ ಅವರು 'ನನ್ನ ಕೈ ತಪ್ಪಿತು' ಅಂದಾಗ..."

"ನಾನು ಅಲ್ಲೇ ನಿಂತಿದ್ದೆ. ಅಲ್ಲ ಅನ್ನಲಿಲ್ಲ. ಮಾರನೇ ದಿನ ಹೇಳೋಣ ಅಂದುಕೊಂಡೆ. ಆ ಮಾರನೇ ದಿನ ಬರಲೇ ಇಲ್ಲ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಆಮೇಲೆ ನಾವು ಮಾತಾಡಿದ್ದೆಲ್ಲ ಉಪ್ಪು, ನೀರು, ಸೌದೆ. ಕೆಟ್ಟ ಮಾತು ಒಂದೂ ಆಡಲಿಲ್ಲ ಅವರು. ಅದೇ ನನ್ನ ಸುಟ್ಟಿದ್ದು. ಒಂದು ಕೇಳ್ತೀನಿ, ನಿಜ ಹೇಳು. ನೀನು ಅದರ ಮೈಯೆಲ್ಲ ನೋಡಿದ್ದೀಯ. ಅವರಿಗೆ ಗೊತ್ತಿತ್ತಾ?"

ಇದು ನನಗೆ ಹೊಳೆದಿರಲಿಲ್ಲ. ಅವಳು ಬಂಡಿ ತಂದದ್ದು ಕಲ್ಲಿನ ಸಾಲಿಗಾಗಿ ಹೌದು, ಆದರೆ ಈ ಪ್ರಶ್ನೆಗಾಗಿಯೂ ಹೌದು. ಮುಚ್ಚಿದ ತೂತುಗಳ ವಿಷಯ ಹೇಳಿದೆ. ಕೆಲಸ ಬಲ್ಲವನಿಗೆ ಯಾವ ಭಾಗ ಎಲ್ಲಿಗೆ ಎಂದು ತೂತೇ ಹೇಳುತ್ತದೆ; ಹಾಳೆ ಬೇಕಾಗಿಲ್ಲ. ತೂತು ಒಂದು ಹೇಳಿತು, ನೀವು ಒಂದು ಹೇಳಿದಿರಿ. ಅವರು ತೂತನ್ನು ಮುಚ್ಚಿ ನಿಮ್ಮ ಮಾತಿನ ಹಾಗೆ ಕೊರೆದರು ಅಂದೆ.

"ಯಾವಾಗಿನಿಂದ?"

"ಮೊದಲನೇ ತಿರುಪಿನಿಂದ ಅಮ್ಮಾ. ಮೊದಲು ಸರಿಯಾದ ಕಡೆ ಹಾಕಿ ನೋಡಿದ ಗೀಚು ಕೂಡ ಇಲ್ಲ."

ಅವಳು ಅಳಬಹುದು ಅಂದುಕೊಂಡೆ. ಅಳಲಿಲ್ಲ. ಅರಿಸಿನದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು, "ನೀನು ಹೋಗು," ಅಂದಳು.

ಹನ್ನೊಂದನೆಯ ದಿನ ನಾನು ಕಟ್ಟೆ ಹತ್ತಲಿಲ್ಲ. ಹನ್ನೆರಡನೆಯ ದಿನವೂ ಹತ್ತಲಿಲ್ಲ. ಕಾರಣ ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವನ ಹೆಸರು ಉಳಿಯುತ್ತದೆ, ಅವಳದು ಹೋಗುತ್ತದೆ. ಅದು ನಾನು ಹೇಳುವ ಮಾತಲ್ಲ. ಹುಟ್ಟಿದ ಮೇಲೆ ಮೊದಲ ಸಲ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಕೂತೆ. ಎಷ್ಟು ಕಷ್ಟ ಅಂತ ಆಗ ತಿಳಿಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಊರೆಲ್ಲ ಚೌಕದಲ್ಲಿ ಸೇರಿತು. ಕಲ್ಲುಕುಟಿಗ ಕಲ್ಲು ನಿಲ್ಲಿಸಿಕೊಂಡು, ಉಳಿ ಸುತ್ತಿಗೆ ಹಿಡಿದು ಕಾಯುತ್ತಿದ್ದ. ನಾನು ಬಂಡಿಯನ್ನು ಕಟ್ಟೆಯ ಮೇಲಿಟ್ಟು ಪಕ್ಕಕ್ಕೆ ಸರಿದೆ. ಓದಿದವಳು ಬಂದಳು. ಯಾರ ಕೈಯನ್ನೂ ಹಿಡಿಯದೆ ಕಟ್ಟೆ ಹತ್ತಿದಳು.

"ನನಗೆ ಓದೋಕೆ ಬರಲ್ಲ," ಅಂದಳು. "ಅವತ್ತೂ ಬರ್ತಿರಲಿಲ್ಲ, ಇವತ್ತೂ ಬರಲ್ಲ. ಹಾಳೇಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ನಾನು ಬಾಯಿಗೆ ಬಂದಿದ್ದು ಹೇಳಿದೆ. ಅವರು ಅದನ್ನೇ ಕಟ್ಟಿದರು."

ನಾನು ತಿರುಪುಳಿ ಇಟ್ಟೆ. ಹೊಗೆಗೂಡಿನ ತಿರುಪು ಬೆಣ್ಣೆಯಲ್ಲಿ ಇಟ್ಟ ಹಾಗೆ ತಿರುಗಿತು. ಹಂಡೆಯ ಮುಚ್ಚಳ ಬಿಟ್ಟಿತು. ಒಣಗಿದ ಹಿಟ್ಟು ಉದುರಿತು. ಒಂದು, ಎರಡು, ಐದು, ಒಂಬತ್ತು. ತಿರುಪುಗಳನ್ನು ತಟ್ಟೆಗೆ ಹಾಕುತ್ತ ಹೋದೆ. ಜನ ಮಾತಾಡತೊಡಗಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು, ಇನ್ಯಾರೋ ಅವರಿಗೆ ಗದರಿದರು.

ಆಮೇಲೆ ಗಾಲಿಗೆ ಬಂದೆ. ಗಾಲಿ ಬಿಡಲಿಲ್ಲ. ಇನ್ನಷ್ಟು ಒತ್ತಿದೆ. ಬಿಡಲಿಲ್ಲ.

"ಇನ್ನೂ ಏನೋ ಉಳಿದಿದೆ," ಅಂದ ಕಲ್ಲುಕುಟಿಗ. "ಪೂರ್ತಿ ಹೇಳಿಲ್ಲ ಇವಳು."

ನಾನು ಅವಳ ಮುಖ ನೋಡಿದೆ. ಉಳಿದದ್ದು ಏನು ಎಂದು ಅವಳಿಗೆ ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು. ಗಂಡನ ಮೇಲಿನ ಮಾತು ಅಳಿಸಲು ಬಂದವಳು ಅವಳು. ಗಾಲಿ ಬಿಡಬೇಕಾದರೆ ಅವನ ಮೇಲೆ ಒಂದು ಮಾತು ಹೇಳಬೇಕಾಗಿತ್ತು. ಸತ್ತವನ ಮೇಲೆ, ಹದಿಮೂರನೆಯ ದಿನ, ಊರೆದುರಿಗೆ.

"ಅವರಿಗೆ ಗೊತ್ತಿತ್ತು," ಅಂದಳು. ಮೆಲ್ಲಗೆ ಅಂದಳು, ಆಮೇಲೆ ದನಿ ಏರಿತು. "ಮೊದಲನೇ ದಿನದಿಂದಾನೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಿನಗೆ ಓದೋಕೆ ಬರಲ್ಲ ಅಲ್ವೇನೇ ಅಂತ ಒಂದು ಮಾತು ಕೇಳಿದ್ದರೆ ಒಂದು ದಿನ ಅತ್ತು ಹಗುರಾಗ್ತಿದ್ದೆ. ಕಲೀತಿದ್ದೆ! ನನಗೇನು ತಲೆ ಇರಲಿಲ್ವಾ? ನನ್ನ ಮರ್ಯಾದೆ ಕಾಯೋಕೆ ಅಂತ ತೂತು ಮುಚ್ಚಿದರು, ತಮ್ಮ ಕೈ ಮುಚ್ಚಿಕೊಂಡರು, ಬಾಯಿ ಮುಚ್ಚಿಕೊಂಡರು. ಮೂವತ್ತೊಂದು ವರ್ಷ ಅವರ ಮುಂದೆ ಕಳ್ಳಿ ಹಾಗೆ ಓಡಾಡಿದೆ ನಾನು. ದೊಡ್ಡ ಮನುಷ್ಯರು ನೀವು! ನಿಮ್ಮ ದೊಡ್ಡತನ ನನಗೆ ಬೇಕಿರಲಿಲ್ಲ. ನನಗೆ ಗಂಡ ಬೇಕಿತ್ತು."

ಅವಳು ಕಲ್ಲಿನ ಕಡೆಗೆ ತಿರುಗಿ ಅದನ್ನೇ ಬೈಯುತ್ತಿದ್ದಳು. ಈಗ ಅತ್ತಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ, ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಗಾಲಿ ತಾನಾಗಿ ಅಚ್ಚಿನಿಂದ ಜಾರಿ ಅಂಗೈಗೆ ಬಂತು.

ಆಮೇಲಿನದು ಬರೀ ಕೈಕೆಲಸ. ಬಿರಡೆಗಳನ್ನು ಹೊಡೆದು ತೆಗೆದು ಹಳೆಯ ತೂತುಗಳನ್ನು ತೆರೆದೆ. ಹೊಗೆಗೂಡನ್ನು ಮುಂದೆ ಕೂರಿಸಿದೆ. ಮುಚ್ಚಳಕ್ಕೆ ತಾಮ್ರದ ಬಳೆ ಹಾಕಿದೆ. ಒಂದು ಬದಿಯ ಗೂಟ ಮೇಲಿಟ್ಟು ಇನ್ನೊಂದು ಬದಿಯದನ್ನು ಮುಂದಿಟ್ಟು ಗಾಲಿಗಳನ್ನು ಬಿಗಿದೆ. ಬಿಸಿಲು ನೆತ್ತಿಗೆ ಬಂದರೂ ಒಬ್ಬರೂ ಮನೆಗೆ ಹೋಗಲಿಲ್ಲ. ಅವಳು ಕಟ್ಟೆಯ ಅಂಚಿನಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಹಂಡೆಗೆ ನೀರು ತುಂಬಿ, ಕೆಂಡ ಇಟ್ಟು, ಬಂಡಿಯನ್ನು ಹಳಿಯ ಮೇಲೆ ಇಳಿಸಿದೆ.

ಬುಸ್ ಅಂದಿತು. ಒಂದು ಗೇಣು ಹೋಯಿತು. ಎರಡು ಗೇಣು ಹೋಯಿತು. ನಿಲ್ಲಲಿಲ್ಲ. ಮೈತುಂಬ ತೂತುಗಳಿದ್ದ ಆ ಬಂಡಿ, ಬೇಡದ ತೂತುಗಳಲ್ಲೆಲ್ಲ ಹೊಗೆ ಬಿಡುತ್ತ, ಸ್ವಲ್ಪ ಕುಂಟುತ್ತ, ಕಟ್ಟೆಯ ಸುತ್ತ ಒಂದು ಸುತ್ತು ಬಂತು. ಮೂವತ್ತೊಂದು ವರ್ಷದ ಹಿಂದೆ ನಕ್ಕವರಲ್ಲಿ ಬದುಕಿದ್ದವರು ತಲೆ ತಗ್ಗಿಸಿದರು. ಒಬ್ಬ ಮುದುಕ ಮಾತ್ರ, "ಆ ಕೈ ಹಿಡಿದು ಒಂದು ಸಲ ನೋಡಬೇಕಿತ್ತು," ಅಂದ. ಎಲ್ಲರಿಗೂ ಕೇಳಿಸಿತು.

ಕಲ್ಲುಕುಟಿಗ ಉಳಿ ಒರೆಸಿಕೊಂಡು ಅವಳ ಕಡೆ ತಿರುಗಿದ. ಅವನ ದನಿ ಈಗ ಬೇರೆಯಾಗಿತ್ತು. "ಒಂದೇ ಸಾಲು ಅಮ್ಮಾ. ಏನು ಕೆತ್ತಲಿ? ಇವರ ಬಂಡಿ ಓಡಿತು ಅಂತಲಾ?"

"ಅವರಿದ್ದಾಗ ಓಡಲಿಲ್ಲ. ಸುಳ್ಳು ಬೇಡ," ಅಂದಳು. "ಇವರ ಕೈ ತಪ್ಪಲಿಲ್ಲ ಅಂತ ಕೆತ್ತು."

"ಮತ್ತೆ ಅವರು ಬಾಯಿ ಬಿಡಲಿಲ್ಲ ಅಂದಿರಿ. ನೀವು ಓದಲಿಲ್ಲ ಅಂದಿರಿ. ಅದೂ ನಿಜಾನೇ ಅಲ್ವಾ? ಅದನ್ನ ಎಲ್ಲಿ ಕೆತ್ತೋದು?"

"ಅದು ನನ್ನ ಕಲ್ಲಿಗೆ. ಅದನ್ನ ನಾನೇ ಬರೆದುಕೊಡ್ತೀನಿ."

"ನೀವಾ?"

"ಕಲಿತು ಬರೆದುಕೊಡ್ತೀನಿ. ಅಲ್ಲೀತನಕ ಸಾಯಲ್ಲ ಬಿಡು."

ಯಾರೋ ನಕ್ಕರು, ಈ ಸಲ ಅವಳೂ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಕಲ್ಲುಕುಟಿಗ ಉಳಿ ಇಟ್ಟು ಮೊದಲ ಅಕ್ಷರ ಕೆತ್ತತೊಡಗಿದ. ಅವಳು ಕಟ್ಟೆಯಿಂದ ಇಳಿದು ಬಂದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಕ್ಷರ ಮುಗಿದು ಅವನು ಕಲ್ಲಿನ ಪುಡಿಯನ್ನು ಊದುತ್ತಲೇ ಅವಳು ಅದರ ಮೇಲೆ ಬೆರಳಿಟ್ಟಳು.

"ಇದು ಯಾವುದು?"

"ಇ," ಅಂದ ಕಲ್ಲುಕುಟಿಗ.

"ಇ," ಅಂದಳು. "ಹೂಂ. ಮುಂದಿನದು ಕೆತ್ತು."